ಬೊಂಬಾಯಿ ಬ್ಯಾಂಡಿನ ಚಿತ್ರದಲ್ಲಿ ಇಲ್ಲದ ಅರ್ಧ ನಿಮಿಷ

ನನ್ನ ತಂಗಿಯ ಮೊಮ್ಮಗಳು ಕ್ಯಾಮರಾ ಕೆಲಸ ಕಲಿಸುವ ಕಾಲೇಜಿಗೆ ಸೇರಿದ್ದಾಳೆ. ಮೊನ್ನೆ ರಜೆಯಲ್ಲಿ ಬಂದವಳು, "ಅಜ್ಜ, ನಿಮ್ಮ ಕಾಲದಲ್ಲಿ ಬಿಹೈಂಡ್ ದ ಸೀನ್ಸ್ ಎಲ್ಲ ತೆಗೀತಿದ್ರಾ?" ಎಂದು ಕೇಳಿದಳು. "ನಮಗೆ ಸೀನೇ ಸರಿಯಾಗಿ ಸಿಗುತ್ತಿರಲಿಲ್ಲ, ಇನ್ನು ಅದರ ಹಿಂದಿನದ್ದು ಎಲ್ಲಿಂದ ಬರಬೇಕು?" ಎಂದು ತಮಾಷೆ ಮಾಡಿ ಕಳಿಸಿಬಿಟ್ಟೆ. ಅವಳು ಹೋದ ಮೇಲೆ ನಾನು ಹೇಳಿದ್ದು ಸುಳ್ಳು ಎಂದು ಅನಿಸಿತು. ಒಮ್ಮೆ ತೆಗೆದಿದ್ದೆ. ಚೆನ್ನಾಗಿಯೇ ತೆಗೆದಿದ್ದೆ. ಅದನ್ನು ಹಾಳು ಮಾಡಿದವನೂ ನಾನೇ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾವ ಮಂತ್ರಿಗಳು ಶಾಲು ಹೊದೆಸಿದರು ಎಂಬುದಕ್ಕೆ ಗೋಡೆಯ ಮೇಲೆ ಫೋಟೊಗಳಿವೆ, ಬೇಕಾದವರು ಬಂದು ನೋಡಬಹುದು. ಈ ಕೆಲಸಕ್ಕೆ ಇಳಿಯುವವರು ತಿಳಿದಿರಬೇಕಾದ ಸಂಗತಿಗೆ ಫೋಟೊ ಇಲ್ಲ.

ಐವತ್ತರ ದಶಕದ ನಡುವೆ ನಾನು ಬಂಟ್ವಾಳ ಪೇಟೆಯ ಒಂದು ಸ್ಟುಡಿಯೊದಲ್ಲಿ ಕೆಲಸಕ್ಕೆ ಸೇರಿದೆ. ಮದುಮಕ್ಕಳನ್ನು ಬಣ್ಣದ ಪರದೆಯ ಮುಂದೆ ನಿಲ್ಲಿಸಿ "ಉಸಿರು ಬಿಡಬೇಡಿ" ಎನ್ನುವುದು ನನ್ನ ಕೆಲಸ. ಕೆಲವರು ನಿಜವಾಗಿಯೂ ಉಸಿರು ಬಿಡದೆ ಕಣ್ಣು ಮೇಲೆ ಮಾಡುತ್ತಿದ್ದರು. ಹೀಗೆ ಏಳೆಂಟು ವರ್ಷ ಊರಿನವರ ಉಸಿರು ಕಟ್ಟಿಸಿದ ಮೇಲೆ, ಸ್ಟುಡಿಯೊದ ಯಜಮಾನರು ಯಾರಿಂದಲೋ ಒಂದು ಹದಿನಾರು ಮಿಲಿಮೀಟರಿನ ಸಿನೆಮಾ ಕ್ಯಾಮರಾ ಕೊಂಡುಕೊಂಡರು. ಅದಕ್ಕೆ ಕರೆಂಟಿಲ್ಲ, ಬ್ಯಾಟರಿಯೂ ಇಲ್ಲ. ಗಡಿಯಾರಕ್ಕೆ ಕೊಡುವಂತೆ ಪಕ್ಕದಲ್ಲಿ ಕೀಲಿ ಕೊಡಬೇಕು. ಪೂರ್ತಿ ಕೀಲಿ ಕೊಟ್ಟರೆ ಅರ್ಧ ನಿಮಿಷಕ್ಕಿಂತ ತುಸು ಕಡಿಮೆ ಓಡುತ್ತದೆ, ಆಮೇಲೆ ನಿಂತುಬಿಡುತ್ತದೆ. ಎದುರಿಗೆ ಏನೇ ನಡೆಯುತ್ತಿರಲಿ, ನೀವು ತಲೆ ಬಗ್ಗಿಸಿ ಕರಕರ ಕೀಲಿ ತಿರುಗಿಸುತ್ತಿರಬೇಕು. ಜಗತ್ತಿನ ಮುಖ್ಯ ಘಟನೆಗಳೆಲ್ಲ ನಾನು ಕೀಲಿ ಕೊಡುವಾಗಲೇ ನಡೆಯುತ್ತವೆ ಎಂಬ ಅನುಮಾನ ನನಗೆ ಆಗ ಹುಟ್ಟಿತು.

ಅರುವತ್ತರ ದಶಕದ ಕೊನೆಯಲ್ಲಿ ಒಂದು ದಿನ ಪುತ್ತಿಗೆ ಮೂಲದ ಸಂಜೀವ ಧನಿಗಳು ಸ್ಟುಡಿಯೊಗೆ ಬಂದರು. ಬೊಂಬಾಯಿಯಲ್ಲಿ ಅವರದು ದೊಡ್ಡ ಹೋಟೆಲು. ಅಲ್ಲಿ ಸಂಜೆ ಹೊತ್ತು ನಾಲ್ಕು ಜನರ ಒಂದು ಬ್ಯಾಂಡು ಗಿಟಾರು, ಡ್ರಮ್ಮು ಬಾರಿಸಿ ಇಂಗ್ಲಿಷ್ ಹಾಡು ಹೇಳುತ್ತಿತ್ತು. ಅವರನ್ನು ಊರಿಗೆ ಕರೆತಂದು ಮೂಡುಬಿದಿರೆ, ಬಂಟ್ವಾಳ, ಬೆಳ್ತಂಗಡಿ ಮೂರೂ ಕಡೆ ಕಾರ್ಯಕ್ರಮ ಕೊಡಿಸಿ, ಅದನ್ನು ಸಿನೆಮಾ ಮಾಡಿ, ಬೊಂಬಾಯಿಯ ಹೋಟೆಲಿನಲ್ಲಿ ತೋರಿಸಬೇಕೆಂಬುದು ಅವರ ಆಸೆ. ಬ್ಯಾಂಡಿಗೆ ಇಂಗ್ಲಿಷಿನಲ್ಲಿ ಉದ್ದದ ಹೆಸರೊಂದಿತ್ತು. ನಮ್ಮವರು ಅದನ್ನು ಬೊಂಬಾಯಿ ಬ್ಯಾಂಡ್ ಎಂದು ಕರೆದು ಮುಗಿಸಿದರು.

ಚಿತ್ರದ ಉಸ್ತುವಾರಿಗೆ ಧನಿಗಳು ಕಾಮತ್ ಮಾಸ್ಟ್ರನ್ನು ಕರೆತಂದಿದ್ದರು. ಬೊಂಬಾಯಿಯಲ್ಲಿ ವಾರ್ತಾಚಿತ್ರ ತೆಗೆದು ಹಣ್ಣಾದ ಮನುಷ್ಯ. ಮೂಗಿನ ತುದಿಯಲ್ಲಿ ಸಿಟ್ಟು. ಮೊದಲ ದಿನವೇ ನನ್ನನ್ನು ಕರೆದು, "ಸ್ಟೇಜಿನ ಎದುರು ನಿಂತು ತೆಗೆಯುವುದು ಯಾರಿಗೂ ಆಗ್ತದೆ. ನೀನು ಹಿಂದೆ ಹೋಗು. ಅವರು ಚಾ ಕುಡಿಯುವುದು, ತಂತಿ ಬಿಗಿಯುವುದು, ಜಗಳ ಮಾಡುವುದು ಎಲ್ಲ ಬೇಕು" ಎಂದರು. ನನಗೆ ಇದು ವಿಚಿತ್ರವೆನಿಸಿತು. ನಮ್ಮ ಕಡೆ ಯಕ್ಷಗಾನದ ಚೌಕಿಯಲ್ಲಿ ಬಣ್ಣ ಹಚ್ಚುವವರ ಮುಂದೆ ಹೋಗಿ ಪಿಳಿಪಿಳಿ ನೋಡುವುದು ಮರ್ಯಾದೆಯಲ್ಲ. ಹಾಗೆಂದು ಹೇಳಿದೆ. "ನಿನ್ನ ಮರ್ಯಾದೆ ಚಪ್ಪಲಿಯ ಒಟ್ಟಿಗೆ ಹೊರಗೆ ಇಟ್ಟು ಒಳಗೆ ಹೋಗು" ಎಂದರು.

ಮೊದಲ ಕಾರ್ಯಕ್ರಮ ಮೂಡುಬಿದಿರೆಯ ಶಾಲೆಯ ಬಯಲಿನಲ್ಲಿ, ಸಂಜೆ ನಾಲ್ಕಕ್ಕೆ. ಬೆಳುವಾಯಿಯಿಂದಲೂ ಜನ ನಡೆದು ಬಂದಿದ್ದರು. ಒಂದು ಗಂಟೆ ಹಾಡಾಯಿತು, ಯಾರೂ ಅಲ್ಲಾಡಲಿಲ್ಲ, ಚಪ್ಪಾಳೆಯನ್ನೂ ತಟ್ಟಲಿಲ್ಲ. ನನ್ನ ಪಕ್ಕದಲ್ಲಿ ಕುಳಿತಿದ್ದ ವೃದ್ಧರೊಬ್ಬರು ಮೆಲ್ಲನೆ ಕೇಳಿದರು:

"ಪದ ಹೇಳುವವರು ಭಾರೀ ಲಾಯ್ಕ ಹೇಳ್ತಾರೆ. ವೇಷ ಎಷ್ಟು ಹೊತ್ತಿಗೆ ಬರ್ತದೆ?"

ಬ್ಯಾಂಡಿನವರು ಬರೀ ಹಿಮ್ಮೇಳ, ಇನ್ನು ಮುಂದೆ ಆಟ ಶುರುವಾಗುತ್ತದೆ ಎಂದು ಇಡೀ ಬಯಲು ಕಾದು ಕುಳಿತಿತ್ತು. ವೇಷವೇ ಇಲ್ಲ ಎಂದು ನಾನು ಹೇಳಿದಾಗ ಅವರಿಗೆ ಆದ ಬೇಸರ ನೋಡಿ ನನಗೆ ನಾನೇ ಏನಾದರೂ ಕಟ್ಟಿಕೊಂಡು ಕುಣಿಯಬೇಕೆನಿಸಿತು.

ಅದೇ ದಿನ ನನ್ನ ಮೊದಲ ದೊಡ್ಡ ಎಡವಟ್ಟು. ಕ್ಯಾಮರಾಕ್ಕೆ ಶಬ್ದ ಹಿಡಿಯಲು ಬರುತ್ತಿರಲಿಲ್ಲ. ಹಾಡನ್ನು ಬೇರೆಯೇ ಒಂದು ಟೇಪ್ ರೆಕಾರ್ಡರಿನಲ್ಲಿ ಹಿಡಿಯಬೇಕಿತ್ತು. ಬಯಲಿಗೆ ಕರೆಂಟಿಲ್ಲದ್ದರಿಂದ ಅಕ್ಕಿ ಗಿರಣಿಯವರ ಜನರೇಟರ್ ತಂದಿದ್ದೆವು. ಗಿಟಾರುಗಳಿಗೂ ಅದೇ, ನನ್ನ ರೆಕಾರ್ಡರಿಗೂ ಅದೇ. ಬ್ಯಾಂಡು ಜೋರಾಗಿ ಬಾರಿಸಿದಾಗಲೆಲ್ಲ ಜನರೇಟರ್ ಏದುಸಿರು ಬಿಟ್ಟು ನಿಧಾನವಾಗುತ್ತಿತ್ತು, ಅದರೊಂದಿಗೆ ಟೇಪೂ ನಿಧಾನವಾಗಿ ತಿರುಗಿತ್ತು. ಅದು ನನಗೆ ಗೊತ್ತಾಗಲಿಲ್ಲ. ಮಾರನೆಯ ದಿನ ಬಂಟ್ವಾಳದ ಒಳ್ಳೆಯ ಕರೆಂಟಿನಲ್ಲಿ ಹಾಕಿ ಕೇಳಿದರೆ, ಆರಡಿ ಎತ್ತರದ ಗಾಯಕನ ಬಾಯಿಂದ ಎಂಟು ವರ್ಷದ ಹೆಣ್ಣುಮಗುವಿನ ಸ್ವರ. ಕಾಮತ್ ಮಾಸ್ಟ್ರು ಟೋಪಿ ತೆಗೆದು ಮೇಜಿನ ಮೇಲಿಟ್ಟು, "ಇನ್ನು ಈ ಚಿತ್ರ ತೋರಿಸುವಲ್ಲಿಗೆಲ್ಲ ಆ ಗಿರಣಿ ಜನರೇಟರನ್ನೂ ಹೊತ್ತುಕೊಂಡು ಹೋಗುವ, ಆಯ್ತಾ?" ಎಂದರು. ಕೊನೆಗೆ ಮೂಡುಬಿದಿರೆಯ ಚಿತ್ರಕ್ಕೆ ಬಂಟ್ವಾಳದಲ್ಲಿ ಹಿಡಿದ ಹಾಡನ್ನು ಕೂಡಿಸಿದೆವು. ಈಗ ನೀವು ಏನು ಹಿಡಿದಿರೆಂದು ನಿಂತಲ್ಲೇ ನೋಡಬಹುದು. ನಮಗೆ ನಮ್ಮ ತಪ್ಪು ಗೊತ್ತಾಗಲು ಒಂದು ದಿನವೋ ಒಂದು ತಿಂಗಳೋ ಬೇಕಿತ್ತು, ಅಷ್ಟರಲ್ಲಿ ತಿದ್ದುವ ದಾರಿ ಮುಚ್ಚಿರುತ್ತಿತ್ತು.

ಇನ್ನು ಆನಂದನ ವಿಷಯಕ್ಕೆ ಬರುತ್ತೇನೆ. ಅವನು ಬ್ಯಾಂಡಿನಲ್ಲಿ ಡ್ರಮ್ಮು ಬಾರಿಸುವವ. ಕಪ್ಪಗೆ, ತೆಳ್ಳಗೆ, ಇಪ್ಪತ್ತೈದರ ಆಸುಪಾಸು. ಉಳಿದ ಮೂವರು ಇಂಗ್ಲಿಷ್, ಕೊಂಕಣಿ ಮಾತಾಡುತ್ತಿದ್ದರೆ ಇವನಿಗೆ ಚೊಕ್ಕ ತುಳು, ಶಾಲೆಯ ಕನ್ನಡ ಎರಡೂ ಬರುತ್ತಿದ್ದವು. ಬಂಟ್ವಾಳದ ಕಾರ್ಯಕ್ರಮದಲ್ಲಿ ನಾನು ಒಂದು ಸಂಗತಿ ಗಮನಿಸಿದೆ. ಹಾಡಿನ ನಡುವೆ ಅವನೊಬ್ಬನೇ ಡ್ರಮ್ಮು ಬಾರಿಸುವ ಒಂದು ಭಾಗವಿತ್ತು. ಸರಿಯಾಗಿ ಆಗಲೇ ನನ್ನ ಕೀಲಿ ಮುಗಿಯಿತು. ನಾನು ತಲೆ ಬಗ್ಗಿಸಿ ತಿರುಗಿಸತೊಡಗಿದೆ. ಅವನು ಓರೆಗಣ್ಣಿನಿಂದ ನನ್ನನ್ನು ನೋಡಿ, ನಾನು ಕ್ಯಾಮರಾ ಎತ್ತುವವರೆಗೆ ಅದೇ ಬಡಿತವನ್ನು ಎಳೆದ. ಗಿಟಾರಿನವನು ತಿರುಗಿ ದುರುಗುಟ್ಟಿದರೂ ಬಿಡಲಿಲ್ಲ. ನಾನು ಕಣ್ಣಿಗೆ ಕ್ಯಾಮರಾ ಹಿಡಿದ ಮೇಲೆಯೇ ಕೊನೆಯ ಏಟು ಹಾಕಿದ್ದು.

ಆಮೇಲೆ ಹಿಂದಿನ ಕೋಣೆಯಲ್ಲಿ ಸಿಕ್ಕಾಗ ಕೇಳಿದೆ. "ಎಂತ ಮಾರಾಯ, ನನಗೋಸ್ಕರ ಎಳೆದದ್ದಾ?"

"ನಿನ್ನ ಕೀಲಿ ಎಷ್ಟು ಹೊತ್ತಿಗೆ ಮುಗಿಯುತ್ತದೆ ಅಂತ ನಿನಗಿಂತ ನನಗೆ ಚೆನ್ನಾಗಿ ಗೊತ್ತುಂಟು, ಮಾಧವಾ. ಲೆಕ್ಕ ಇಡುವುದೇ ಅಲ್ವಾ ನನ್ನ ಕೆಲಸ?" ಎಂದು ನಕ್ಕ. ಅಂದಿನಿಂದ ಅವನು ಯಾವ ಮುಖ್ಯ ಜಾಗಕ್ಕೆ ಬಂದರೂ ಒಮ್ಮೆ ನನ್ನತ್ತ ನೋಡುತ್ತಿದ್ದ. ತಯಾರಿದ್ದೀಯಾ ಎಂದು ಆ ನೋಟದ ಅರ್ಥ. ನಾನು ತಲೆ ಅಲ್ಲಾಡಿಸಿದರೆ ಬಾರಿಸುತ್ತಿದ್ದ. ಇಷ್ಟು ವರ್ಷಗಳಲ್ಲಿ ಹಾಗೆ ನನ್ನ ಕ್ಯಾಮರಾದ ಹೆಜ್ಜೆಗೆ ಹೆಜ್ಜೆ ಕೊಟ್ಟವನು ಅವನೊಬ್ಬನೇ.

ಕೊನೆಯ ಕಾರ್ಯಕ್ರಮ ಬೆಳ್ತಂಗಡಿಯಲ್ಲಿ. ಅಲ್ಲಿಗೆ ಹೋಗುವ ದಾರಿಯಲ್ಲಿ, ವ್ಯಾನಿನ ಹಿಂದಿನ ಸೀಟಿನಲ್ಲಿ ಅವನು ನನಗೆ ಮಾತ್ರ ಹೇಳಿದ. ಅವನ ನಿಜವಾದ ಹೆಸರು ಐತ. ಊರು ಬೆಳ್ತಂಗಡಿಯ ಆಚೆಯ ನೆರಿಯ, ಕಾಡಿನ ಅಂಚು. ಅವನ ಮನೆಯವರು ಬುಟ್ಟಿ ಹೆಣೆಯುವವರು, ಡೋಲು ಬಾರಿಸುವವರು. ನಮ್ಮ ಕಡೆಯವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ. ಊರಿನ ಎಲ್ಲ ಕಾರ್ಯಕ್ಕೂ ಅವರ ಡೋಲು ಬೇಕು, ಅವರು ಮಾತ್ರ ಅಂಗಳದ ಹೊರಗೆ ನಿಲ್ಲಬೇಕು. ಎದುರಿನಿಂದ ಯಾರಾದರೂ ಬಂದರೆ ದಾರಿ ಬಿಟ್ಟು ಗದ್ದೆಗೆ ಇಳಿಯಬೇಕು. ಅವನು ಸಣ್ಣವನಿದ್ದಾಗಲೇ ಬೊಂಬಾಯಿಗೆ ಹೋಗಿ, ಹೋಟೆಲಿನಲ್ಲಿ ಗ್ಲಾಸು ತೊಳೆದು, ಬ್ಯಾಂಡಿನ ಹಳೆಯ ಡ್ರಮ್ಮಿನವನಿಂದ ಕೆಲಸ ಕಲಿತು ಆನಂದನಾಗಿದ್ದ.

"ಧನಿಗಳಿಗೆ ಗೊತ್ತುಂಟಾ?" ಎಂದೆ.

"ಗೊತ್ತಿರಬಹುದು. ಬೊಂಬಾಯಿಯಲ್ಲಿ ಅವರು ಕೇಳಲಿಲ್ಲ, ನಾನು ಹೇಳಲಿಲ್ಲ." ಆಮೇಲೆ, "ಇವತ್ತು ಅಮ್ಮ ಬರ್ತಾಳೆ" ಎಂದ.

ಇಷ್ಟು ಹೇಳಿದವನು ಇನ್ನೂ ಏನಾದರೂ ಹೇಳುತ್ತಿದ್ದನೋ ಏನೋ. ನಾನು ಮಾತು ಬದಲಿಸಿದೆ. ಅವನ ಗುಟ್ಟು ಕಾಪಾಡುವ ದೊಡ್ಡ ಮನುಷ್ಯ ನಾನು ಎಂಬ ಭಾವ ನನ್ನೊಳಗೆ ಆಗಲೇ ಬಂದು ಕುಳಿತಿತ್ತು.

ಶಾಲೆಯ ಒಂದು ತರಗತಿಯೇ ಬ್ಯಾಂಡಿನವರ ಕೋಣೆ. ಅದರ ಹಿಂದೆ ಜಗಲಿ, ಜಗಲಿಯ ಕೆಳಗೆ ಅಂಗಳ. ಜಗಲಿಯ ಮೇಲೆ ಕುರ್ಚಿ ಹಾಕಿಕೊಂಡು ಸಂಜೀವ ಧನಿಗಳೂ ಅವರ ಕಡೆಯ ಐದಾರು ಭೂಮಾಲೀಕರೂ ಕಾಫಿ ಕುಡಿಯುತ್ತಿದ್ದರು. ನಾನು ಕಿಟಕಿಯ ಬಳಿ ನಿಂತು ಗಿಟಾರಿನವನು ತಂತಿ ಬಿಗಿಯುವುದನ್ನು ತೆಗೆಯುತ್ತಿದ್ದೆ. ಹೊರಗೆ ಅಂಗಳದ ಆಚೆ, ಬೇಲಿಯ ಹತ್ತಿರ ಒಬ್ಬ ಹೆಂಗಸು ಬಂದು ನಿಂತಳು. ಕೈಯಲ್ಲಿ ಹೊಸ ಬುಟ್ಟಿ. ಆನಂದ ಕೈಯಲ್ಲಿ ಕೋಲು ಹಿಡಿದುಕೊಂಡೇ ಹೊರಗೆ ಹೋಗಿ "ಅಪ್ಪೆ, ಬಲೆ" ಎಂದು ಕರೆದ. ಅಮ್ಮ, ಬಾ ಎಂದು. ಆಕೆ ಜಗಲಿಯ ಮೇಲಿದ್ದವರನ್ನು ನೋಡಿ ಇನ್ನೂ ಹಿಂದೆ ಸರಿದಳು.

ಅವನು ಒಳಗೆ ಬಂದ. ಡ್ರಮ್ಮಿನ ಹಿಂದೆ ತಾನು ಕೂರುವ ದುಂಡು ಸ್ಟೂಲನ್ನು ಎತ್ತಿಕೊಂಡ. ಬಾಗಿಲಿನಲ್ಲಿ ಒಂದು ಕ್ಷಣ ನಿಂತು ನನ್ನತ್ತ ನೋಡಿದ. ಆಮೇಲೆ ಧನಿಗಳ ಕುರ್ಚಿಗಳ ನಡುವೆಯೇ ಹಾದು, ಅಂಗಳದ ಮಧ್ಯದಲ್ಲಿ ಸ್ಟೂಲು ಇಟ್ಟು, ತಾಯಿಯ ಕೈ ಹಿಡಿದು ತಂದು ಅದರ ಮೇಲೆ ಕೂರಿಸಿದ. ತಾನು ಅವಳ ಕಾಲ ಬುಡದಲ್ಲಿ ನೆಲದ ಮೇಲೆ ಕುಳಿತ. ಜಗಲಿಯ ಮಾತು ನಿಂತಿತು. ಒಬ್ಬರು ಕಾಫಿ ಲೋಟವನ್ನು ಅಲ್ಲೇ ಇಟ್ಟು ಎದ್ದು ಹೋದರು. ಆಕೆ ಮೊದಲು ಸ್ಟೂಲಿನ ಅಂಚಿನಲ್ಲಿ, ಏಳಲು ತಯಾರಾಗಿ ಕುಳಿತಿದ್ದಳು. ಆಮೇಲೆ ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಪೂರ್ತಿ ಕುಳಿತಳು. ನಾನು ಕಿಟಕಿಯಿಂದ ತೆಗೆದೆ. ಕೀಲಿ ಮುಗಿಯುವವರೆಗೂ ತೆಗೆದೆ. ಕೈ ನಡುಗಲಿಲ್ಲ, ಬೆಳಕು ಸರಿಯಾಗಿತ್ತು, ಕೀಲಿಯೂ ಆ ಒಂದು ದಿನ ಮೋಸ ಮಾಡಲಿಲ್ಲ. ಕೊನೆಗೆ ಆನಂದ ತಲೆಯೆತ್ತಿ ಮತ್ತೆ ಕಿಟಕಿಯತ್ತ, ನೇರ ನನ್ನ ಕಡೆಗೆ ನೋಡಿದ. ನಾನು ಪೆಚ್ಚಾಗಿ ಕ್ಯಾಮರಾ ಇಳಿಸಿದೆ. ಇವನ ಮನೆಯ ಸಂಗತಿಗೆ ಕಣ್ಣು ಹಾಕಿದೆನಲ್ಲ ಎಂದು ನಾಚಿಕೆಯಾಯಿತು.

"ಆಯ್ತಲ್ಲ, ಹೊತ್ತಾಯಿತು, ಒಳಗೆ ನಡಿ" ಎಂದು ಧನಿಗಳು ನಗುತ್ತಾ ಹೇಳಿದರು. ನಗು ಸರಿ ಇರಲಿಲ್ಲ. ಅಷ್ಟೇ, ಬೇರೇನೂ ಆಗಲಿಲ್ಲ. ಅಂದು ಆನಂದ ಬಾರಿಸಿದಂತೆ ಇನ್ನು ಯಾವತ್ತೂ ಬಾರಿಸಿರಲಾರ.

ಫಿಲ್ಮು ಬೊಂಬಾಯಿಯಲ್ಲಿ ತೊಳೆದು ಬಂತು. ನಾವು ಉಪಯೋಗಿಸಿದ್ದು ನೆಗೆಟಿವ್ ಇಲ್ಲದ ಬಗೆಯದು. ಕ್ಯಾಮರಾದಲ್ಲಿ ಓಡಿದ ಫಿಲ್ಮೇ ತೊಳೆದ ಮೇಲೆ ತೋರಿಸುವ ಫಿಲ್ಮೂ ಆಗುತ್ತಿತ್ತು. ಅದರಿಂದ ಕತ್ತರಿಸಿ ತೆಗೆದದ್ದು ಹೋಯಿತು ಎಂದೇ ಅರ್ಥ. ಅಷ್ಟರಲ್ಲಿ ಕಾಮತ್ ಮಾಸ್ಟ್ರಿಗೆ ಕಣ್ಣಿನ ಆಪರೇಶನ್ ಆಗಿ, ಜೋಡಿಸುವ ಕೆಲಸ ನನ್ನ ಮೇಲೆ ಬಿತ್ತು. ಧನಿಗಳು ಹೇಳಿದ್ದು ಒಂದೇ ಮಾತು: "ನೋಡ್ಲಿಕ್ಕೆ ಚಂದ ಇರಬೇಕು." ಸ್ಟೂಲಿನ ದೃಶ್ಯ ಕತ್ತರಿಸು ಎಂದು ಅವರು ಹೇಳಲಿಲ್ಲ. ಈಗ ಅವರ ತಲೆಗೆ ಕಟ್ಟಿದರೆ ನನಗೆ ಸುಲಭ, ಆದರೆ ಅದು ಸುಳ್ಳು.

ಸ್ಟುಡಿಯೊದ ಹಿಂದಿನ ಕೋಣೆಯಲ್ಲಿ ಕುಳಿತು ಆ ತುಂಡನ್ನು ನಾನು ಹತ್ತು ಸಲ ನೋಡಿದೆ. ಬೊಂಬಾಯಿಯ ಹೋಟೆಲಿನಲ್ಲಿ ಇದನ್ನು ತೋರಿಸಿದರೆ ಆನಂದನ ಗತಿಯೇನು? ಅವನು ಇಷ್ಟು ವರ್ಷ ಮುಚ್ಚಿಟ್ಟದ್ದು ಪರದೆಯ ಮೇಲೆ ಬಯಲಾದರೆ ಅವನು ತಲೆಯೆತ್ತಿ ನಡೆಯಬಹುದೇ? ಹೀಗೆಲ್ಲ ಯೋಚಿಸಿದೆ. ಒಂದು ಕಾರ್ಡು ಬರೆದು ಅವನನ್ನೇ ಕೇಳಬಹುದಿತ್ತು, ವಿಳಾಸ ನನ್ನ ಹತ್ತಿರವೇ ಇತ್ತು. ಕೇಳಲಿಲ್ಲ. ಕತ್ತರಿಸಿದೆ. ಯಾರ ಕೈಗೂ ಸಿಗದಿರಲೆಂದು ಮನೆಗೆ ಒಯ್ದು ಬಚ್ಚಲೊಲೆಗೆ ಹಾಕಿದೆ. ಗೆಳೆಯನಿಗೆ ಉಪಕಾರ ಮಾಡಿದೆನೆಂದು ಅಂದು ನೆಮ್ಮದಿಯಿಂದ ಊಟ ಮಾಡಿದೆ.

ಚಿತ್ರ ಬೊಂಬಾಯಿಗೆ ಹೋಗುವ ಮೊದಲು ಮೂರೂ ಊರುಗಳಲ್ಲಿ ತೋರಿಸಬೇಕೆಂದು ಧನಿಗಳು ಹೇಳಿದರು. ಬೆಳ್ತಂಗಡಿಯಲ್ಲಿ ಅದೇ ಶಾಲೆ. ಮಧ್ಯಾಹ್ನ ಮೂರು ಗಂಟೆ, ಕಿಟಕಿಗಳಿಗೆ ಕಂಬಳಿ ಕಟ್ಟಿ ಕತ್ತಲೆ ಮಾಡಿದ್ದೆವು. ಪ್ರೊಜೆಕ್ಟರ್ ಓಡಿಸುವವನು ನಾನೇ. ಆನಂದ ರಜೆ ಹಾಕಿ ಬಂದಿದ್ದ. ಜೊತೆಯಲ್ಲಿ ಅವನ ತಾಯಿ ತುಕ್ರು, ಅವಳ ಹಿಂದೆ ಅವರ ಕೇರಿಯ ಹತ್ತು ಹನ್ನೆರಡು ಮಂದಿ. ನೆರಿಯದಿಂದ ಬೆಳಿಗ್ಗೆಯೇ ಹೊರಟು ನಡೆದು ಬಂದಿದ್ದರು. ಆನಂದ ಹಟ ಹಿಡಿದು ಅವರನ್ನು ಒಳಗೆ, ಬಾಗಿಲ ಬಳಿ ಕೂರಿಸಿದ. ಅವರ ಹತ್ತಿರವಿದ್ದ ಊರಿನ ಕೆಲವರು ಎದ್ದು ಮುಂದಕ್ಕೆ ಸರಿದು ಕುಳಿತರು.

ಕತ್ತರಿಸಿದ ತುಂಡು ನೆನಪಾಯಿತು. ಆದರೂ ಹಚ್ಚಿದೆ. ಮೂಡುಬಿದಿರೆ ಬಂತು, ಬಂಟ್ವಾಳ ಬಂತು, ಬೆಳ್ತಂಗಡಿ ಬಂತು. ಮಗ ಪರದೆಯ ಮೇಲೆ ಕಂಡಾಗಲೆಲ್ಲ ತುಕ್ರು ಪಕ್ಕದವರ ತೋಳು ಹಿಡಿದು ಅಲ್ಲಾಡಿಸುತ್ತಿದ್ದಳು. ಗಿಟಾರಿನವನು ತಂತಿ ಬಿಗಿಯುವ ದೃಶ್ಯ ಬಂದಾಗ, ಅಂಗಳದ ಪಕ್ಕದ ಆ ಕೋಣೆಯ ಗುರುತು ಹಿಡಿದು ಅವಳು ಮೊಣಕಾಲ ಮೇಲೆ ಎದ್ದು ನಿಂತಳು. ಇನ್ನೇನು ತನ್ನದು ಬರುತ್ತದೆ ಎಂದು. ಬಂದದ್ದು ವೇದಿಕೆ. ಹಾಡು ಮುಗಿಯಿತು, ಚಿತ್ರವೂ ಮುಗಿಯಿತು.

"ಯಾನ್ ಓಲುಲ್ಲೆ?" ಎಂದಳು. ನಾನು ಎಲ್ಲಿದ್ದೇನೆ?

ಆನಂದ ನನ್ನ ಬಳಿ ಬಂದ. "ಮಾಧವಾ, ಒಂದು ತುಂಡು ಬಿಟ್ಟು ಹೋಯಿತಾ? ಅಮ್ಮ ಸರಿ ನೋಡ್ಲಿಲ್ಲವೋ ಏನೋ. ಇನ್ನೊಮ್ಮೆ ಬಿಡು."

ಇಲ್ಲವೆನ್ನಲು ಬಾಯಿ ಬರಲಿಲ್ಲ. ಫಿಲ್ಮನ್ನು ಹಿಂದಕ್ಕೆ ಸುತ್ತಿ ಮತ್ತೆ ಹಚ್ಚಿದೆ. ಅದರಲ್ಲಿ ಆಕೆ ಇಲ್ಲವೆಂದು ಗೊತ್ತಿದ್ದೂ ಆದಿಯಿಂದ ಅಂತ್ಯದವರೆಗೆ ಓಡಿಸಿದೆ. ಈ ಸಲ ತುಕ್ರು ಮಗನನ್ನು ನೋಡಲಿಲ್ಲ. ಪರದೆಯ ಮೂಲೆ ಮೂಲೆಗಳಲ್ಲಿ ತನ್ನನ್ನೇ ಹುಡುಕಿದಳು. ದೀಪ ಹಾಕಿದ ಮೇಲೆ ಅವರ ಕೇರಿಯ ಒಬ್ಬ ನಗುತ್ತಾ ಹೇಳಿದ: "ಧನಿಗಳ ಎದುರು ಸ್ಟೂಲಿನಲ್ಲಿ ಕೂತಿದ್ದಳಂತೆ! ಹೇಳಿ ಹೇಳಿ ನಮ್ಮ ಕಿವಿ ತೂತು ಮಾಡಿದ್ದಳು. ಎಲ್ಲಿ ಉಂಟು?" ಉಳಿದವರೂ ನಕ್ಕರು. ಕೆಟ್ಟ ನಗುವೇನೂ ಅಲ್ಲ. ತುಕ್ರುವೂ ಸೆರಗು ಬಾಯಿಗೆ ಹಿಡಿದು ನಗಲು ನೋಡಿದಳು, ಆಗಲಿಲ್ಲ.

ಎಲ್ಲರೂ ಹೊರಗೆ ಹೋದ ಮೇಲೆ ಆನಂದ ಉಳಿದ. ಲ್ಯಾಬಿನಲ್ಲಿ ಹಾಳಾಯಿತು ಎಂದು ಹೇಳಲು ಹೊರಟಿದ್ದೆ. ಅವನ ಮುಖ ನೋಡಿ ಅದು ಬರಲಿಲ್ಲ.

"ನಾನೇ ಕತ್ತರಿಸಿದೆ" ಎಂದೆ.

"ಧನಿಗಳು ಹೇಳಿದ್ರಾ?"

"ಇಲ್ಲ, ಯಾರೂ ಹೇಳ್ಲಿಲ್ಲ. ನಿನಗೆ ನಾಚಿಕೆ ಆಗಬಹುದು ಅಂತ..."

ಅವನು ಪ್ರೊಜೆಕ್ಟರಿನ ಮೇಲೆ ಕೈ ಇಟ್ಟ. "ನಾನು ಸ್ಟೂಲು ತೆಗೆದುಕೊಂಡು ಹೋಗುವಾಗ ನಿನ್ನನ್ನು ನೋಡಿದೆ. ಕೊನೆಗೂ ನೋಡಿದೆ. ಸಿಕ್ಕಿತಾ ಅಂತ ಕೇಳಿದ್ದು ನಿನಗೆ ಗೊತ್ತಾಗ್ಲಿಲ್ಲವಾ? ನೀನು ಇದ್ದೀಯ ಅಂತ ಧೈರ್ಯ ಮಾಡಿದ್ದು ನಾನು. ಒಮ್ಮೆ ಚಿತ್ರದಲ್ಲಿ ಬಂದರೆ, ಹಾಗೆ ಆಗ್ಲೇ ಇಲ್ಲ ಅಂತ ಮತ್ತೆ ಯಾರಿಗೂ ಹೇಳ್ಲಿಕ್ಕೆ ಆಗುವುದಿಲ್ಲ ಅಂತ." ಆಮೇಲೆ, ಅದುವರೆಗೆ ಒಮ್ಮೆಯೂ ನನ್ನನ್ನು ಜಾತಿಯ ಹೆಸರಿನಿಂದ ಕರೆಯದವನು, "ನಾಚಿಕೆ ಆದದ್ದು ಯಾರಿಗೆ ಭಟ್ರೇ?" ಎಂದ.

ನಾನು ವೈರು ಸುತ್ತುತ್ತಾ ನಿಂತೆ. ಹೊರಗೆ ಅಂಗಳದಲ್ಲಿ ಅವರ ಕೇರಿಯವರು ಇನ್ನೂ ಇದ್ದರು, ಧನಿಗಳ ಕಡೆಯವರೂ ಇದ್ದರು. ಜಗಲಿಗೆ ಬಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಅವಳು ಹೇಳುವುದು ನಿಜ, ನಾನು ನೋಡಿದ್ದೇನೆ, ಕತ್ತರಿಸಿದವ ನಾನು ಎಂದು. ನಾಲಿಗೆಯ ತುದಿಯವರೆಗೆ ಬಂತು. ಧನಿಗಳ ಮುಖ ಕಂಡಿತು, ನುಂಗಿಕೊಂಡೆ. ಅವರು ನೆರಿಯದ ದಾರಿ ಹಿಡಿದರು. ಆನಂದ ಮತ್ತೆ ನನಗೆ ಸಿಗಲಿಲ್ಲ. ಕೆಲವು ವರ್ಷ ಬಿಟ್ಟು ಕೇಳಿದಾಗ, ಆ ಹೋಟೆಲು ಬಿಟ್ಟನೆಂದಷ್ಟೇ ಗೊತ್ತಾಯಿತು.

ಆಮೇಲೆ ನಾನು ನೂರಾರು ಚಿತ್ರ ತೆಗೆದೆ, ನೂರಾರು ಕಡೆ ಕತ್ತರಿ ಹಾಕಿದೆ. ಚಿತ್ರದಿಂದ ಒಬ್ಬರ ಮುಖ ಕತ್ತರಿಸಿ ತೆಗೆಯುವ ಮೊದಲು ಅವರನ್ನೇ ಕೇಳುವ ಅಭ್ಯಾಸ ಮಾಡಿಕೊಂಡೆ. ತಡವಾದ ಅಭ್ಯಾಸ. ಹೊಸಬರು ಬೇಗ ಕಲಿಯಲಿ.

ಆದರೆ ಈ ಬರಹ ಅದಕ್ಕಷ್ಟೇ ಅಲ್ಲ. ಅಂದು ಜಗಲಿಯ ಮೇಲೆ ಹೇಳಬೇಕಾಗಿದ್ದ ಮಾತು ಇನ್ನೂ ನನ್ನ ಬಳಿಯೇ ಇದೆ. ಬೆಳ್ತಂಗಡಿಯ ಶಾಲೆಯ ಹಿಂದಿನ ಅಂಗಳದಲ್ಲಿ, ಹಗಲು ಬೆಳಕಿನಲ್ಲಿ, ಊರಿನ ಧನಿಗಳೆಲ್ಲ ನೋಡುತ್ತಿರುವಾಗ, ನೆರಿಯದ ತುಕ್ರು ಮಗನ ಸ್ಟೂಲಿನ ಮೇಲೆ ಕುಳಿತಿದ್ದಳು. ಅಂಚಿನಲ್ಲಿ ಅಲ್ಲ, ಪೂರ್ತಿ ಕುಳಿತಿದ್ದಳು. ನಾನು ನೋಡಿದ್ದೇನೆ.